ಜರ್ಮನಿಯಲ್ಲಿ ಹೊಸ ಕೆಲಸ: ‘ಆಗುತ್ತೆ ಸರ್’ ಅನ್ನುವ ಮುಂಚೆ

ಪ್ರಶ್ನೆ: ಮೇಡಂ, ನಮಸ್ತೆ. ನಮ್ಮೂರು ಪಾಂಡವಪುರದ ಹತ್ತಿರ. ಮಂಡ್ಯದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಈಗ ಮೈಸೂರಿನ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಡಿಸೈನ್ ವಿಭಾಗದಲ್ಲಿದ್ದೇನೆ. ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಯಂತ್ರ ತಯಾರಿಸುವ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಅಕ್ಟೋಬರ್ 1ಕ್ಕೆ ಸೇರಬೇಕು. ಅಲ್ಲಿನ ಆಫೀಸಿನ ರೀತಿ ನೀತಿ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮೊನ್ನೆ ಆನ್‌ಲೈನ್ ಮೀಟಿಂಗಿನಲ್ಲಿ ಮುಂದೆ ನನ್ನ ಬಾಸ್ ಆಗುವವರು ಎಲ್ಲರ ಎದುರೇ ‘ಇಲ್ಲ, ಇದು ತಪ್ಪು’ ಅಂದುಬಿಟ್ಟರು. ಅವತ್ತಿನಿಂದ ಹೆದರಿಕೆ ಹಿಡಿದಿದೆ. ಅವರಿಗೆ 58 ವರ್ಷ, ಆದರೂ ಹೆಸರು ಹಿಡಿದೇ ಕರೆಯಬೇಕಂತೆ. ಮಾರ್ಚ್‌ನಲ್ಲಿ ತಂಗಿ ಮದುವೆ ಇದೆ, ಸೇರಿದ ಹೊಸದರಲ್ಲೇ ರಜೆ ಕೇಳುವುದು ಹೇಗೆ? ಮೊದಲ ವಾರ ಆಫೀಸಿಗೆ ಏನಾದರೂ ಸಿಹಿ ತೆಗೆದುಕೊಂಡು ಹೋಗಬೇಕಾ?

ಉತ್ತರ: ಮೊದಲು ನಿಮಗೆ ಅಭಿನಂದನೆ. ಪಾಂಡವಪುರದಿಂದ ಸ್ಟುಟ್‌ಗಾರ್ಟ್‌ವರೆಗೆ ಓದಿನ ಬಲದಿಂದ ಹೋಗುತ್ತಿದ್ದೀರಿ. ನಿಮ್ಮ ಮನೆಯವರಿಗೆ ಎಷ್ಟು ಹೆಮ್ಮೆ ಆಗಿರುತ್ತದೆ ಅಂತ ನಾನು ಊಹಿಸಬಲ್ಲೆ. ನಾನೂ ಆ ಕಡೆಯ ಕಾರ್ಖಾನೆಗಳಲ್ಲಿ ಕೆಲಸ ಮಾಡಿ ಬಂದವಳು. ಈಗ ಮೈಸೂರಿನಿಂದ ಹೊರಡುವ ಹುಡುಗ ಹುಡುಗಿಯರಿಗೆ ತಯಾರಿ ಮಾಡಿಸುತ್ತೇನೆ. ನೀವು ಕೇಳಿದ ಎಲ್ಲದಕ್ಕೂ ಉತ್ತರ ಹೇಳುತ್ತೇನೆ. ಆದರೆ ಆ ‘ಇಲ್ಲ, ಇದು ತಪ್ಪು’ ಅನ್ನುವ ಮಾತಿನಿಂದ ಶುರು ಮಾಡೋಣ. ಅದು ಅರ್ಥವಾದರೆ ಉಳಿದದ್ದು ಅರ್ಧ ಅರ್ಥವಾದ ಹಾಗೆಯೇ.

ಅಲ್ಲಿನ ಕಚೇರಿಗಳಲ್ಲಿ ಆಡಿದ ಮಾತನ್ನು ಆಡಿದ ಹಾಗೇ ತೆಗೆದುಕೊಳ್ಳುತ್ತಾರೆ. ಹೌದು ಅಂದರೆ ಹೌದು. ಬೇಡ ಅಂದರೆ ಬೇಡ. ತಪ್ಪು ಅಂದರೆ ಆ ಕೆಲಸದಲ್ಲಿ ತಪ್ಪಿದೆ ಅಂತ, ಅಷ್ಟೇ. ನಮ್ಮಲ್ಲಿ ಹಾಗಲ್ಲ. ಯಾರು ಹೇಳಿದರು, ಯಾರ ಎದುರು ಹೇಳಿದರು, ಯಾವ ದನಿಯಲ್ಲಿ ಹೇಳಿದರು ಅನ್ನುವುದನ್ನೆಲ್ಲ ಸೇರಿಸಿಕೊಂಡು ನಾವು ಅರ್ಥ ಮಾಡಿಕೊಳ್ಳುತ್ತೇವೆ. ಇದರಲ್ಲಿ ಒಂದು ಮೇಲು, ಇನ್ನೊಂದು ಕೀಳು ಅಂತ ನಾನು ಹೇಳುವುದಿಲ್ಲ. ಆದರೆ ಅವರ ಮಾತನ್ನು ನಮ್ಮ ಲೆಕ್ಕದಲ್ಲಿ ಅಳೆದರೆ ಸುಮ್ನೆ ಮನಸ್ಸಿಗೆ ನೋವು. ನಮ್ಮ ಮಾತನ್ನು ಅವರು ಅವರ ಲೆಕ್ಕದಲ್ಲಿ ಅಳೆದಾಗ ನಮಗೆ ಕೆಟ್ಟ ಹೆಸರು.

ನೀವು ಡ್ರಾಯಿಂಗ್ ಮಾಡುವವರು, ಅದರಲ್ಲೇ ಒಂದು ಉದಾಹರಣೆ ನೋಡಿ. ಒಂದು ಬ್ರ್ಯಾಕೆಟ್. ಎಂ8, ಅಂದರೆ 8 ಮಿಲಿಮೀಟರ್ ಬೋಲ್ಟ್ ಹೋಗುವ ತೂತಿಗೆ ಹೊಸಬರೊಬ್ಬರು ಎಚ್7 ಟಾಲರೆನ್ಸ್, ಅಂದರೆ ಅಳತೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗಬಾರದು ಅನ್ನುವ ಬಿಗಿ ಮಿತಿ, ಕೊಟ್ಟಿದ್ದಾರೆ. ರಿವ್ಯೂ ಮೀಟಿಂಗಿನಲ್ಲಿ ಐದಾರು ಜನ ಕೂತಿದ್ದಾರೆ. ಹಿರಿಯ ಇಂಜಿನಿಯರ್ ಡ್ರಾಯಿಂಗ್ ನೋಡಿದವರೇ, ‘ಇದು ತಪ್ಪು. ಇಲ್ಲಿ ಎಚ್7 ಯಾಕೆ?’ ಅಂತಾರೆ. ‘ಕೆಲಸ ಚೆನ್ನಾಗಿದೆ, ಆದರೆ’ ಅನ್ನುವ ಪೀಠಿಕೆ ಇಲ್ಲ. ಮುಖದಲ್ಲಿ ನಗುವೂ ಇಲ್ಲ.

ನಮ್ಮ ಹುಡುಗರು ಈ ಹೊತ್ತಿನಲ್ಲಿ ‘ಸಾರಿ ಸರ್, ಸರಿ ಮಾಡ್ತೀನಿ’ ಅಂತ ತಲೆ ತಗ್ಗಿಸುತ್ತಾರೆ. ಮಧ್ಯಾಹ್ನ ಊಟ ಸೇರುವುದಿಲ್ಲ. ಆದರೆ ಅವರು ಬೈದಿಲ್ಲ, ಪ್ರಶ್ನೆ ಕೇಳಿದ್ದಾರೆ. ಪ್ರಶ್ನೆಗೆ ಬೇಕಾದ್ದು ಉತ್ತರ. ‘ಹಳೇ ಡ್ರಾಯಿಂಗಿನಲ್ಲಿ ಈ ಜಾಗದಲ್ಲಿ ಡೋವೆಲ್ ಪಿನ್ (ಭಾಗ ಅಲುಗದಂತೆ ಹಿಡಿಯುವ ಕಡ್ಡಿ) ಇತ್ತು, ಟಾಲರೆನ್ಸ್ ಹಾಗೇ ಉಳಿದುಬಿಟ್ಟಿದೆ. ಬೋಲ್ಟಿಗೆ 9 ಮಿಲಿಮೀಟರ್ ಸಾದಾ ತೂತು ಸಾಕು, ತೂತನ್ನು ನಿಖರವಾಗಿ ನಯ ಮಾಡುವ ರೀಮರ್ ಖರ್ಚು ಬೇಡ. ಇವತ್ತೇ ಬದಲಾಯಿಸುತ್ತೇನೆ.’ ಇಷ್ಟು ಹೇಳಿದರೆ ಮುಗಿಯಿತು. ಒಂದು ವೇಳೆ ನಿಮ್ಮ ಹತ್ತಿರ ಕಾರಣ ಇದ್ದರೆ ಅದನ್ನೂ ಅಷ್ಟೇ ನೇರವಾಗಿ ಹೇಳಿ: ‘ಇಲ್ಲ, ಇದು ಬರೀ ಬೋಲ್ಟಿನ ತೂತಲ್ಲ. ಪಾರ್ಟ್ ಕೂರುವ ಜಾಗ ಹಿಡಿಯುವುದೂ ಇದೇ. ಅದಕ್ಕೇ ಎಚ್7.’ ಅವರು ಒಂದು ಗಳಿಗೆ ಯೋಚಿಸಿ ‘ಸರಿ, ಹಾಗಾದರೆ ಇರಲಿ’ ಅನ್ನಬಹುದು. ನಿಮ್ಮ ಮೇಲೆ ಅವರಿಗೆ ಗೌರವ ಹುಟ್ಟುವುದು ಅಂಥ ಗಳಿಗೆಯಲ್ಲಿಯೇ. ಅದೇ ಮನುಷ್ಯ ಹನ್ನೆರಡು ಗಂಟೆಗೆ ‘ಊಟಕ್ಕೆ ಬರ್ತೀಯಾ?’ ಅಂತ ನಿಮ್ಮ ಮೇಜಿನ ಹತ್ತಿರ ಬಂದು ನಿಲ್ಲುತ್ತಾರೆ. ಬೆಳಗ್ಗೆ ಹೇಳಿದ ಮಾತು ಆ ಡ್ರಾಯಿಂಗಿನ ಜೊತೆಗೇ ಮುಗಿದಿರುತ್ತದೆ.

ನಿಜ ಹೇಳಬೇಕೆಂದರೆ ಇದು ನಿಮಗೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ನೀವು ಮಂಡ್ಯದವರು. ‘ಏನ್ಲಾ, ಯಾವಾಗ್ ಬಂದೆ?’ ಅನ್ನುವ ಮಾತಿನಲ್ಲಿ ಎಷ್ಟು ಪ್ರೀತಿ ಇದೆ ಅಂತ ನಿಮಗೆ ಗೊತ್ತು. ಆದರೆ ಮೈಸೂರಿನ ಅಗ್ರಹಾರದಲ್ಲಿ ‘ಬನ್ನಿ, ಕೂತ್ಕೊಳ್ಳಿ’ ಕೇಳಿ ಬೆಳೆದವರಿಗೆ ಅದು ಮೊದಲ ಸಲ ಒರಟಾಗಿಯೇ ಕೇಳುತ್ತದೆ. ನೀವು ಹೂಟಗಳ್ಳಿಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಿಮ್ಮ ಮಾತು ಕೇಳಿ ಯಾರಾದರೂ ಹುಬ್ಬೇರಿಸಿರಬಹುದು ಅಲ್ವಾ? ಸ್ಟುಟ್‌ಗಾರ್ಟಿನಲ್ಲಿ ನೀವು ಆ ಮೈಸೂರಿನವರ ಜಾಗದಲ್ಲಿ ನಿಂತಿರುತ್ತೀರಿ.

ಹೆಸರು ಹಿಡಿದು ಕರೆಯುವ ವಿಷಯಕ್ಕೂ ಇದೇ ಉತ್ತರ. ಇಂಗ್ಲಿಷಿನಲ್ಲಿ ಮಾತಾಡುವಾಗ ಅವರೇ ಹೆಸರು ಹಿಡಿದು ಕರೆಯಿರಿ ಅಂದಿದ್ದರೆ ಹಾಗೇ ಕರೆಯಿರಿ. ಪದೇ ಪದೇ ‘ಸರ್’ ಅಂದರೆ ಅವರಿಗೇ ಮುಜುಗರ. ಜರ್ಮನ್ ಮಾತಾಡುವಾಗ ಮಾತ್ರ ಎಚ್ಚರ ಬೇಕು. ಅಲ್ಲೂ ನಮ್ಮ ಹಾಗೆ ನೀವು, ನೀನು ಎರಡೂ ಇವೆ. ‘ಝೀ’ ಅಂದರೆ ನೀವು, ‘ಡು’ ಅಂದರೆ ನೀನು. ಎಷ್ಟೋ ಕಂಪನಿಗಳಲ್ಲಿ ಈಗ ಎಲ್ಲರಿಗೂ ‘ಡು’ ಅನ್ನುತ್ತಾರೆ. ಆದರೆ ಹಳೇ ಕ್ರಮದ ಕಡೆ ಹಿರಿಯರು ಅಥವಾ ಮೇಲಿನವರು ‘ಇನ್ನು ಡು ಅನ್ನೋಣ’ ಅಂತ ತಾವಾಗಿ ಹೇಳುವವರೆಗೆ ‘ಝೀ’ಯಲ್ಲೇ ಇರಬೇಕು. 58ರ ಹಿರಿಯರಿಗೆ ನಿಮ್ಮ ಗೌರವ ಕಾಣುವುದು ಮೀಟಿಂಗಿಗೆ ನೀವು ಓದಿಕೊಂಡು ಬಂದಾಗ, ಅವರ ಸಮಯ ಹಾಳು ಮಾಡದಿದ್ದಾಗ. ಸಮಯದ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಸರ್ ಎಂ. ವಿ. ಅವರ ಶಿಸ್ತಿನ ಕಥೆ ಕೇಳಿ ಬೆಳೆದ ಕೆ.ಆರ್.ಎಸ್. ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ಕಡೆಯ ತೊಂದರೆಗೆ ಬರುತ್ತೇನೆ. ನನ್ನ ಹತ್ತಿರ ಬರುವ ದೂರುಗಳಲ್ಲಿ ಜಾಸ್ತಿ ಇದರದ್ದೇ. ನಾವು ‘ಆಗಲ್ಲ’ ಅನ್ನುವುದಿಲ್ಲ.

ಬಾಸ್ ಕೇಳುತ್ತಾರೆ, ಶುಕ್ರವಾರಕ್ಕೆ ಆಗುತ್ತಾ? ಆಗುವುದಿಲ್ಲ ಅಂತ ನಮಗೆ ಗೊತ್ತು. ಆದರೂ ‘ಆಗುತ್ತೆ ಸರ್, ನೋಡ್ತೀನಿ’ ಅಂತೀವಿ. ಆ ‘ನೋಡ್ತೀನಿ’ಯಲ್ಲಿ ಕಷ್ಟ ಇದೆ ಅನ್ನುವ ಸೂಚನೆ ಇದೆ. ಇಲ್ಲಿನ ಬಾಸ್‌ಗೆ ಅದು ತಿಳಿಯುತ್ತದೆ. ಅವರು ಬುಧವಾರ ಒಂದು ಸಲ ಬಂದು ವಿಚಾರಿಸುತ್ತಾರೆ. ಅಲ್ಲಿನವರು ‘ಆಗುತ್ತೆ’ ಅನ್ನುವುದನ್ನು ಮಾತ್ರ ಕೇಳಿಸಿಕೊಂಡು ಶುಕ್ರವಾರ ಅಂತ ಬರೆದುಕೊಳ್ಳುತ್ತಾರೆ. ಅದನ್ನು ನಂಬಿ ಮಾಪನ ಕೊಠಡಿಯಲ್ಲಿ ಸೋಮವಾರಕ್ಕೆ ಯಂತ್ರ ಕಾದಿರಿಸುತ್ತಾರೆ, ಬಿಡಿಭಾಗ ಕೊಡುವವರಿಗೆ ತಾರೀಕು ಹೇಳುತ್ತಾರೆ. ಮಧ್ಯದಲ್ಲಿ ಯಾರೂ ಬಂದು ನೆನಪಿಸುವುದಿಲ್ಲ, ಏಕೆಂದರೆ ನೆನಪಿಸಿದರೆ ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಾಗುತ್ತದೆ. ಶುಕ್ರವಾರ ಸಂಜೆ ‘ಇನ್ನೂ ಎರಡು ದಿನ ಬೇಕು’ ಅಂದರೆ ಅವರಿಗೆ ಆಗುವ ಆಘಾತ ದೊಡ್ಡದು. ಎರಡು ದಿನ ತಡವಾಗಿದ್ದನ್ನು ಅವರು ಮರೆಯುತ್ತಾರೆ. ಮಂಗಳವಾರವೇ ಗೊತ್ತಿದ್ದೂ ಹೇಳಲಿಲ್ಲ ಅನ್ನುವುದನ್ನು ಮರೆಯುವುದಿಲ್ಲ.

ಹಾಗಾಗಿ ಮೊದಲೇ ಹೇಳಿ: ‘ಶುಕ್ರವಾರಕ್ಕೆ ಆಗುವುದಿಲ್ಲ. ಸ್ಟ್ರೆಸ್ ಲೆಕ್ಕ ಮುಗಿಯಲು ಸೋಮವಾರ ಮಧ್ಯಾಹ್ನ ಆಗುತ್ತದೆ. ಶುಕ್ರವಾರಕ್ಕೇ ಬೇಕಿದ್ದರೆ ಅಸೆಂಬ್ಲಿ ಡ್ರಾಯಿಂಗ್ ಕೊಡಬಲ್ಲೆ, ಲೆಕ್ಕ ಆಮೇಲೆ.’ ಏನು ಆಗಲ್ಲ, ಯಾವಾಗ ಆಗುತ್ತೆ, ಅಷ್ಟರೊಳಗೆ ಏನು ಕೊಡಬಲ್ಲೆ ಅನ್ನುವುದು ಮೂರೂ ಬಂತು. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇದನ್ನು ಇಲ್ಲಿರುವಾಗಲೇ ಅಭ್ಯಾಸ ಮಾಡಿ. ಕನ್ನಡದಲ್ಲೇ ಮಾಡಿ. ಭಾಷೆಯ ತೊಡಕಿಗಿಂತ ಬಾಯಿ ಬರದೇ ಇರುವ ತೊಡಕೇ ಇದರಲ್ಲಿ ದೊಡ್ಡದು.

ಇನ್ನೊಂದು, ನಾವು ಹೂಂ ಅನ್ನಲು ತಲೆಯನ್ನು ಅಡ್ಡಡ್ಡ ಓಲಾಡಿಸುತ್ತೇವೆ. ಅಲ್ಲಿ ಅದನ್ನು ‘ಇಲ್ಲ’ ಅಂತಲೋ ‘ಗೊತ್ತಿಲ್ಲ’ ಅಂತಲೋ ತಿಳಿಯುತ್ತಾರೆ. ವಿಡಿಯೋ ಕಾಲ್‌ನಲ್ಲಂತೂ ತುಂಬಾ ಗೊಂದಲವಾಗುತ್ತದೆ. ಬಾಯಿಬಿಟ್ಟು ‘ಯೆಸ್’ ಅಂದುಬಿಡಿ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಅನ್ನಿ. ಪ್ರಶ್ನೆ ಕೇಳಿದವರನ್ನು ಅಲ್ಲಿ ದಡ್ಡರು ಅಂದುಕೊಳ್ಳುವುದಿಲ್ಲ. ಕೇಳದೆ ತಪ್ಪು ಮಾಡಿದವರನ್ನು ನೋಡಿದರೆ ಅವರಿಗೆ ಸಿಟ್ಟು ಬರುತ್ತದೆ.

ಕೆಲಸದ ಹೊತ್ತಿನ ವಿಷಯ. ಇಲ್ಲಿ ರಾತ್ರಿ ಎಂಟರವರೆಗೆ ಕೂತವರನ್ನು ‘ಪಾಪ, ಎಷ್ಟು ದುಡೀತಾನೆ’ ಅಂತೀವಿ. ಅಲ್ಲಿ ಹಾಗೆ ಕೂತರೆ ಕೆಲಸದ ಅಂದಾಜು ತಪ್ಪಿದೆಯೋ, ಕೆಲಸವೇ ಜಾಸ್ತಿಯಾಗಿದೆಯೋ ಅಂತ ಕೇಳುತ್ತಾರೆ. ಕಾನೂನೂ ಇದೆ. ದಿನಕ್ಕೆ 8 ಗಂಟೆ ಮಿತಿ. ಅದನ್ನು 10ರವರೆಗೆ ಏರಿಸಬಹುದು, ಆದರೆ ಆರು ತಿಂಗಳ ಸರಾಸರಿ ದಿನಕ್ಕೆ 8 ಮೀರಬಾರದು. ಇವತ್ತಿನ ಕೆಲಸ ಮುಗಿದು ನಾಳೆ ಶುರುವಾಗುವುದರ ನಡುವೆ 11 ಗಂಟೆ ಬಿಡುವು ಇರಲೇಬೇಕು. ಆರು ಗಂಟೆಗಿಂತ ಜಾಸ್ತಿ ಕೆಲಸವಿದ್ದರೆ ಮಧ್ಯೆ ಅರ್ಧ ಗಂಟೆ ವಿರಾಮ ಕಡ್ಡಾಯ. ಸ್ಟುಟ್‌ಗಾರ್ಟ್ ಸೀಮೆಯ ಯಂತ್ರ ಕಾರ್ಖಾನೆಗಳಲ್ಲಿ ಐಜಿ ಮೆಟಾಲ್ ಕಾರ್ಮಿಕ ಸಂಘದ ಒಪ್ಪಂದ ಇರುವ ಕಡೆ ವಾರಕ್ಕೆ 35 ಗಂಟೆ ಕೆಲಸ. ಹೋರಾಡಿ ಪಡೆದದ್ದು ಅದು, 1995ರಿಂದ ಪೂರ್ತಿ ಜಾರಿಯಲ್ಲಿದೆ. ನಿಮ್ಮ ಕರಾರಿನಲ್ಲಿ 35 ಇದೆಯೋ 40 ಇದೆಯೋ ನೋಡಿಕೊಳ್ಳಿ. ಇದನ್ನೆಲ್ಲ ಹೇಳುವುದು ಯಾಕೆಂದರೆ, ಹೊಸದಾಗಿ ಹೋದವರು ನಿಷ್ಠೆ ತೋರಿಸಲು ಹೊತ್ತು ಮೀರಿ ಕೂರುತ್ತಾರೆ. ಅದರಿಂದ ಬಾಸ್‌ಗೇ ತಲೆನೋವು. ಸಂಜೆ ಬ್ಯಾಗ್ ಹಾಕಿಕೊಂಡು ಹೊರಡಿ. ಬೇಸಿಗೆಯಲ್ಲಿ ಆ ದೇಶ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ. ಕೆಲಸ ಮುಗಿದ ಕೂಡಲೇ ಫೋನ್ ಮಾಡಿದರೆ ಅಮ್ಮ ಇನ್ನೂ ಮಲಗಿರುವುದಿಲ್ಲ.

ಜ್ವರ ಬಂದರೂ ಮಾತ್ರೆ ನುಂಗಿ ಬಂದು ಕೂರುವುದು ಕೂಡ ಅಲ್ಲಿ ಒಳ್ಳೆಯ ಗುಣ ಅಲ್ಲ, ಪಕ್ಕದವರಿಗೆ ಅಂಟಿಸಲು ಬಂದ ಹಾಗೆ. ಬೆಳಗ್ಗೆ ಕೆಲಸ ಶುರುವಾಗುವ ಮುಂಚೆಯೇ ತಿಳಿಸಿ. ಏನು ಕಾಯಿಲೆ ಅಂತ ಹೇಳಬೇಕಾಗಿಲ್ಲ, ಎಷ್ಟು ದಿನ ಆಗಬಹುದು ಅಂತ ಹೇಳಿದರೆ ಸಾಕು. ಮೂರು ದಿನ ಮೀರಿದರೆ ಡಾಕ್ಟರ ಸರ್ಟಿಫಿಕೇಟ್ ಬೇಕು. ಕೆಲವು ಕಂಪನಿಗಳು ಮೊದಲ ದಿನವೇ ಕೇಳುತ್ತವೆ, ಕರಾರಿನಲ್ಲಿ ಬರೆದಿರುತ್ತದೆ. ಸರ್ಕಾರಿ ಆರೋಗ್ಯ ವಿಮೆ ಇದ್ದರೆ 2023ರಿಂದ ಈ ಚೀಟಿಯನ್ನು ಕಂಪನಿಯೇ ವಿಮಾ ಸಂಸ್ಥೆಯಿಂದ ಆನ್‌ಲೈನಿನಲ್ಲಿ ಪಡೆಯುತ್ತದೆ. ಕಾಯಿಲೆ ಬಿದ್ದರೆ ಆರು ವಾರದವರೆಗೆ ಪೂರ್ತಿ ಸಂಬಳ ಬರುತ್ತದೆ. ಆದರೆ ಈ ಹಕ್ಕು ಸೇರಿ ನಾಲ್ಕು ವಾರ ಆದ ಮೇಲೆ ಶುರುವಾಗುವುದು.

ಇನ್ನು ತಂಗಿ ಮದುವೆ. ದಯವಿಟ್ಟು ಇದನ್ನು ಸೇರಿದ ಮೇಲೆ ಹೇಳೋಣ ಅಂತ ಇಟ್ಟುಕೊಳ್ಳಬೇಡಿ. ಈ ವಾರವೇ ಇ-ಮೇಲ್ ಮಾಡಿ. ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ರಜೆ ಅಂತ ಅಲ್ಲಿನ ಕಾನೂನು. ಎಷ್ಟೋ ಕಂಪನಿಗಳು 30 ದಿನ ಕೊಡುತ್ತವೆ. ಆದರೆ ಪೂರ್ತಿ ರಜೆಯ ಹಕ್ಕು ಬರುವುದು ಆರು ತಿಂಗಳು ಕೆಲಸ ಮಾಡಿದ ಮೇಲೆ. ಅಲ್ಲಿಯವರೆಗೆ ಸಾಮಾನ್ಯವಾಗಿ ತಿಂಗಳಿಗೆ 12ರಲ್ಲಿ ಒಂದು ಪಾಲಿನ ಲೆಕ್ಕ. ಅಂದರೆ 30 ದಿನದ ಕರಾರಿದ್ದರೆ ತಿಂಗಳಿಗೆ ಎರಡೂವರೆ ದಿನ. ನಿಮ್ಮ ಆರು ತಿಂಗಳು ಮುಗಿಯುವುದು ಮಾರ್ಚ್ ಕೊನೆಗೆ, ಮದುವೆ ಅದಕ್ಕೂ ಮುಂಚೆ. ಅದಕ್ಕೇ ಈಗಲೇ ಕೇಳಬೇಕು ಅನ್ನುವುದು.

ಬರೆಯುವಾಗ ಹಿಂಜರಿಕೆಯ ಮಾತು ಬೇಡ. ‘ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ’ ಅಂತ ಶುರು ಮಾಡಿ, ಚಪ್ಪರದ ಶಾಸ್ತ್ರದಿಂದ ಬೀಗರ ಔತಣದವರೆಗೆ ವಿವರಿಸಿದರೆ ಓದಿದವರಿಗೆ ನಿಮಗೇನು ಬೇಕು ಅಂತಲೇ ತಿಳಿಯುವುದಿಲ್ಲ. ‘ಮಾರ್ಚ್‌ನಲ್ಲಿ ನನ್ನ ತಂಗಿಯ ಮದುವೆ. ಮಾರ್ಚ್ 9ರಿಂದ 20ರವರೆಗೆ, 10 ಕೆಲಸದ ದಿನ ರಜೆ ಬೇಕು. ಸಾಧ್ಯವೇ ಎಂದು ತಿಳಿಸಿ.’ ಸಾಕು, ನಿಮ್ಮ ತಾರೀಕು ಹಾಕಿಕೊಳ್ಳಿ. ತಂಗಿ ಮದುವೆ ಎಂದರೆ ಅಲ್ಲಿನವರಿಗೂ ಅರ್ಥವಾಗುತ್ತದೆ. ಅನುಮತಿ ಬರವಣಿಗೆಯಲ್ಲಿ ಬಂದ ಮೇಲೆಯೇ ವಿಮಾನದ ಟಿಕೆಟ್ ಮಾಡಿಸಿ. ಮುಂದೆ ದಸರಾ, ದೀಪಾವಳಿಗೆ ಬರುವ ಆಸೆ ಇದ್ದರೆ ವರ್ಷದ ಶುರುವಿನಲ್ಲೇ ತಂಡದ ರಜೆ ಪಟ್ಟಿಗೆ ಹೆಸರು ಹಾಕಿ. ಶಾಲೆಗಳ ರಜೆಯ ವಾರಗಳನ್ನು ಮಾತ್ರ ಮಕ್ಕಳಿರುವವರಿಗೆ ಬಿಟ್ಟುಕೊಡುವುದು ಅಲ್ಲಿನ ರೂಢಿ.

ಆರು ತಿಂಗಳು ಅಂದೆನಲ್ಲ, ಅದಕ್ಕೆ ಇನ್ನೊಂದು ಅರ್ಥವೂ ಇದೆ. ಪರೀಕ್ಷಾ ಅವಧಿ ಸಾಮಾನ್ಯವಾಗಿ ಅಷ್ಟೇ. ಆ ಅವಧಿಯಲ್ಲಿ ಕಂಪನಿಯಾಗಲಿ ನೀವಾಗಲಿ ಎರಡು ವಾರದ ನೋಟಿಸ್ ಕೊಟ್ಟು ಬಿಡಬಹುದು. ಆರು ತಿಂಗಳು ದಾಟಿದ ಮೇಲೆ, ಹತ್ತಕ್ಕಿಂತ ಜಾಸ್ತಿ ಜನ ಇರುವ ಕಂಪನಿಯಲ್ಲಿ, ಕಾನೂನು ಒಪ್ಪುವ ಕಾರಣ ಇಲ್ಲದೆ ತೆಗೆಯುವ ಹಾಗಿಲ್ಲ. ಹಾಗಾಗಿ ಈ ಆರು ತಿಂಗಳು ನಿಮ್ಮ ಬಗ್ಗೆ ಅವರಿಗೆ ಏನನ್ನಿಸುತ್ತಿದೆ ಅಂತ ತಿಳಿದುಕೊಳ್ಳಬೇಕು. ಮುಖ ನೋಡಿ ತಿಳಿಯಲು ಹೋಗಬೇಡಿ. ಆ ಸೀಮೆಯವರದೇ ಒಂದು ಗಾದೆ ಇದೆ, ಬೈಯದಿದ್ದರೆ ಅದೇ ಹೊಗಳಿಕೆ ಅಂತ. ವಾರಗಟ್ಟಲೆ ಒಳ್ಳೆ ಮಾತು ಕೇಳದೆ ನಮ್ಮ ಹುಡುಗರು ಕುಗ್ಗಿಹೋಗುತ್ತಾರೆ, ಬಾಸ್ ನೋಡಿದರೆ ಖುಷಿಯಾಗಿಯೇ ಇರುತ್ತಾರೆ. ಸೇರಿ ತಿಂಗಳಾದ ಮೇಲೆ ಅರ್ಧ ಗಂಟೆ ಸಮಯ ಕೇಳಿ, ನೇರವಾಗಿ ವಿಚಾರಿಸಿ: ‘ಯಾವುದು ಸರಿ ಹೋಗುತ್ತಿದೆ? ನಾನು ಏನು ಬದಲಾಯಿಸಿಕೊಳ್ಳಬೇಕು?’ ಉತ್ತರ ನೇರವಾಗಿಯೇ ಬರುತ್ತದೆ. ಮೂರು ತಿಂಗಳಿಗೆ ಮತ್ತೆ ಕೇಳಿ.

ಈ ನೇರ ಮಾತಿನ ದೇಶದಲ್ಲಿ ಒಂದು ಜಾಗದಲ್ಲಿ ಮಾತ್ರ ಮಾತು ಪೂರ್ತಿ ಒಳಮರ್ಮದ್ದು. ಕೆಲಸ ಬಿಡುವಾಗ ಕೊಡುವ ಅನುಭವ ಪತ್ರ. ಅದನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು. ಅದರಲ್ಲಿ ಕೆಟ್ಟದ್ದನ್ನು ಬಿಚ್ಚಿ ಬರೆಯುವ ಹಾಗಿಲ್ಲ, ಹಾಗಾಗಿ ಹೊಗಳಿಕೆಯಲ್ಲೇ ದರ್ಜೆಗಳಿವೆ. ‘ಸದಾ ನಮಗೆ ಅತ್ಯಂತ ತೃಪ್ತಿಯಾಗುವಂತೆ ಕೆಲಸ ಮಾಡಿದರು’ ಅಂದರೆ ಮೊದಲ ದರ್ಜೆ. ಬರೀ ‘ತೃಪ್ತಿಯಾಗುವಂತೆ’ ಅಂದರೆ ಹೇಗೋ ಪಾಸಾದ ಹಾಗೆ. ಓದಲು ಎರಡೂ ಚೆನ್ನಾಗಿಯೇ ಇರುತ್ತವೆ. ಮುಂದೆ ಕೆಲಸ ಬದಲಿಸುವ ದಿನ ಬಂದಾಗ ಆ ಪತ್ರವನ್ನು ತಿಳಿದ ಜರ್ಮನ್ನರೊಬ್ಬರಿಗೆ ತೋರಿಸದೆ ಸುಮ್ಮನಾಗಬೇಡಿ. ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ವಿದೇಶಿ ನೌಕರರಿಗೆ ಕೊಡುವ ವಾಸದ ಪರವಾನಗಿ, ಅದರ ಮೇಲೆ ಹೋಗುತ್ತಿದ್ದರೆ, ಮೊದಲ 12 ತಿಂಗಳಲ್ಲಿ ಕೆಲಸ ಬದಲಿಸುವುದನ್ನು ವಿದೇಶಿಗರ ಕಚೇರಿಗೂ ತಿಳಿಸಬೇಕು.

ಒಂದು ಮಾತನ್ನು ನಾನು ಒತ್ತಿ ಹೇಳಬೇಕು. ನೇರ ಮಾತು ಬೇರೆ, ಅವಮಾನ ಬೇರೆ. ‘ಈ ಡ್ರಾಯಿಂಗ್ ತಪ್ಪು’ ಅಂದರೆ ಅದು ಕೆಲಸದ ಮಾತು. ‘ನಿಮ್ಮ ದೇಶದವರೆಲ್ಲ ಹೀಗೇ’ ಅಂದರೆ ಅದು ಕೆಲಸದ ಮಾತಲ್ಲ. ಅದನ್ನು ಅಲ್ಲಿನ ರೀತಿ ಅಂದುಕೊಂಡು ನುಂಗಬೇಡಿ. ಬಣ್ಣ, ಮೂಲ, ಧರ್ಮ, ಲಿಂಗ, ವಯಸ್ಸು ಹಿಡಿದು ಭೇದ ಮಾಡುವುದನ್ನು ತಡೆಯಲು 2006ರಿಂದ ಅಲ್ಲಿ ಕಾನೂನಿದೆ. ಪರಿಹಾರ ಕೇಳುವುದಾದರೆ ಎರಡು ತಿಂಗಳೊಳಗೆ ಲಿಖಿತವಾಗಿ ಕೇಳಬೇಕು. ಹಾಗಾಗಿ ದಿನ, ಹೊತ್ತು, ಯಾರಿದ್ದರು, ಏನಂದರು ಅಂತ ಅವತ್ತೇ ಬರೆದಿಡಿ. ಕಂಪನಿಯಲ್ಲಿ ಬೆಟ್ರೀಬ್ಸ್‌ರಾಟ್, ಅಂದರೆ ನೌಕರರೇ ಓಟು ಹಾಕಿ ಆರಿಸಿದ ಸಮಿತಿ, ಇದೆಯೇ ಅಂತ ಮೊದಲ ವಾರವೇ ವಿಚಾರಿಸಿ. ಇದ್ದರೆ ಯಾರನ್ನೇ ಕೆಲಸದಿಂದ ತೆಗೆಯುವ ಮುಂಚೆ ಕಂಪನಿ ಅವರ ಅಭಿಪ್ರಾಯ ಕೇಳಲೇಬೇಕು, ಕೇಳದೆ ತೆಗೆದರೆ ಅದು ಊರ್ಜಿತವಾಗುವುದಿಲ್ಲ. ನೌಕರರು ಅವರ ಬಾಗಿಲು ತಟ್ಟುವುದನ್ನು ಯಾರೂ ಬಂಡಾಯ ಅಂತ ನೋಡುವುದಿಲ್ಲ.

ಭಾಷೆ ಕಲಿಯಿರಿ. ಮೀಟಿಂಗ್ ಇಂಗ್ಲಿಷಿನಲ್ಲಿ ನಡೆದರೂ ಕಾಫಿ ಯಂತ್ರದ ಮುಂದೆ ಜರ್ಮನ್ನೇ ನಡೆಯುತ್ತದೆ, ಅರ್ಧ ವಿಷಯ ಗೊತ್ತಾಗುವುದೂ ಅಲ್ಲೇ. ಬ್ಲೂ ಕಾರ್ಡ್ ಇರುವವರಿಗೆ ಬಿ1 ಮಟ್ಟದ (ದಿನದ ಮಾತುಕತೆಗೆ ಸಾಕಾಗುವಷ್ಟು) ಜರ್ಮನ್ ಬಂದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿ ಕೇಳಬಹುದು, ಎ1 (ಮೊದಲ ಮೆಟ್ಟಿಲು) ಮಾತ್ರ ಇದ್ದರೆ 27 ತಿಂಗಳು ಆಗಬೇಕು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ತರಗತಿಗಳಿವೆ. ಹೊರಡುವ ಮುಂಚೆ ಎ1 ಆದರೂ ಮುಗಿಸಿ. ಇಳಿದ ಮೇಲೆ ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಉಳಿದ ಎಷ್ಟೋ ಕಾಗದಗಳು ಆ ಒಂದು ಕಾಗದದ ಮೇಲೆ ನಿಂತಿವೆ.

ಊಟದ ಹೊತ್ತಿಗೆ ಯಾರಾದರೂ ಕರೆದರೆ ಹೋಗಿ. ಡಬ್ಬಿ ತಂದಿದ್ದರೂ ಅವರ ಜೊತೆಯೇ ಕೂತು ತಿನ್ನಿ. ಸಸ್ಯಾಹಾರಿ ಆಗಿದ್ದರೆ ಮೊದಲ ದಿನವೇ ಹೇಳಿಬಿಡಿ, ಮುಚ್ಚುಮರೆ ಬೇಡ. ಯಾರ ಮನೆಗಾದರೂ ಹೋದಾಗ ‘ಕಾಫಿ ಬೇಕಾ?’ ಅಂತ ಕೇಳುವುದು ಒಂದೇ ಸಲ. ನಮ್ಮ ಕಡೆ ಮೊದಲ ‘ಬೇಡ’ ಬರೀ ಸಂಕೋಚಕ್ಕೆ, ಮೂರನೇ ಸಲಕ್ಕೆ ಲೋಟ ಕೈಗೆ ಬಂದಿರುತ್ತದೆ. ಅಲ್ಲಿ ಬೇಡ ಅಂದರೆ ಕಾಫಿ ಬರುವುದಿಲ್ಲ. ಬೇಕಿದ್ದರೆ ಬೇಕು ಅನ್ನಿ.

ಕೊನೆಗೆ ನಿಮ್ಮ ಸಿಹಿಯ ಪ್ರಶ್ನೆ. ಹೌದು, ಒಯ್ಯಿರಿ. ಹೊಸದಾಗಿ ಸೇರಿದವರು ಮೊದಲ ಕೆಲವು ವಾರದಲ್ಲಿ ತಂಡಕ್ಕೆ ಕೇಕೋ ಬೇರೇನೋ ತಿಂಡಿಯೋ ತರುವ ರೂಢಿ ಅಲ್ಲಿಯೂ ಇದೆ. ಹುಟ್ಟುಹಬ್ಬಕ್ಕೂ ಹಾಗೆ, ಹುಟ್ಟಿದವರೇ ಕೇಕ್ ತರಬೇಕು, ಬೇರೆಯವರು ತರಲಿ ಅಂತ ಕಾಯಬಾರದು. ಆದರೆ ಊರಿನಿಂದ ತುಪ್ಪದ ಡಬ್ಬ ಮಾತ್ರ ಸೂಟ್‌ಕೇಸಿಗೆ ಹಾಕಬೇಡಿ. ಐರೋಪ್ಯ ಒಕ್ಕೂಟದೊಳಕ್ಕೆ ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಕಡಲೆಹಿಟ್ಟು, ಏಲಕ್ಕಿ ಕಟ್ಟಿಕೊಂಡು ಹೋಗಿ. ಬೆಣ್ಣೆ ಅಲ್ಲೇ ಸಿಗುತ್ತದೆ, ಕಾಯಿಸಿದರೆ ತುಪ್ಪ. ಒಂದು ಭಾನುವಾರ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಕೇಳಿಕೊಂಡು ಮೈಸೂರು ಪಾಕ್ ಮಾಡಿ. ಸೋಮವಾರ ತಟ್ಟೆಯನ್ನು ಕಾಫಿ ಯಂತ್ರದ ಪಕ್ಕ ಇಟ್ಟು, ಅದರಲ್ಲಿ ಏನೇನಿದೆ ಅಂತ ಒಂದು ಚೀಟಿ ಬರೆದಿಡಿ. ತಿನ್ನುವ ಮುಂಚೆ ಅದನ್ನು ಓದುವವರು ಅಲ್ಲಿ ಬಹಳ ಜನ.